2033ರಲ್ಲಿ ಗೆದ್ದ ಶಾಸಕರಿಗೆ ಒಂದೇ ವರ್ಷವಾ? 129ನೇ ತಿದ್ದುಪಡಿಯ ಲೆಕ್ಕ, ಕೊಡಗಿನಿಂದ

ಚುನಾವಣೆ ದಿನಾಂಕ ಪ್ರಕಟವಾದರೆ ಕೊಡಗಿನಲ್ಲಿ ಒಂದು ಸೂಚನೆ ಹೊರಡುತ್ತದೆ: ಮನೆಯಲ್ಲಿರುವ ಕೋವಿಯನ್ನು ಠಾಣೆಗೆ ತಂದು ಠೇವಣಿ ಇಡಿ. ತೋಟಕ್ಕೆ ಕಾಡುಹಂದಿ, ಆನೆ ನುಗ್ಗುವ ಜಿಲ್ಲೆಯಲ್ಲಿ ಇದಕ್ಕೆ ಗೊಣಗಾಟ ಇದ್ದದ್ದೇ. 2023ರ ಮೇ 10ಕ್ಕೆ ವಿಧಾನಸಭೆಗೆ ಮತದಾನ ಆಯಿತು. ವರ್ಷ ತುಂಬುವ ಮೊದಲೇ, 2024ರ ಏಪ್ರಿಲ್ 26ಕ್ಕೆ, ಲೋಕಸಭೆಗೆ. ಮತ್ತೆ ಅದೇ ನೀತಿ ಸಂಹಿತೆ, ಅದೇ ಚೆಕ್‌ಪೋಸ್ಟ್, ಮೇಷ್ಟ್ರುಗಳಿಗೆ ಮತಯಂತ್ರ ಪಡೆಯುವ, ಮರಳಿಸುವ ಅದೇ ಮಸ್ಟರಿಂಗ್, ಡಿಮಸ್ಟರಿಂಗ್. ಎರಡನ್ನೂ ಒಂದೇ ದಿನ ಮುಗಿಸಿದರೆ ಆಗಲ್ವಾ ಎಂದು ಯಾರಿಗಾದರೂ ಅನಿಸುತ್ತದೆ.

ಆಗುತ್ತದೆ ಎನ್ನುತ್ತದೆ ಸಂವಿಧಾನದ 129ನೇ ತಿದ್ದುಪಡಿ ಮಸೂದೆ. 2024ರ ಡಿಸೆಂಬರ್ 17ರಂದು ಅದನ್ನು ಲೋಕಸಭೆಯಲ್ಲಿ ಮಂಡಿಸಲಾಯಿತು. 'ಒಂದು ದೇಶ, ಒಂದು ಚುನಾವಣೆ' ಎಂಬ ಹೆಸರಿನಲ್ಲಿ ಎಲ್ಲರ ಕಿವಿಗೂ ಬಿದ್ದಿರುವುದು ಇದೇ.

ಆದರೆ ಒಂದು ತೊಡಕಿದೆ. ಲೋಕಸಭೆಯ ಐದು ವರ್ಷ ಒಂದು ದಿನ ಮುಗಿಯುತ್ತದೆ, ವಿಧಾನಸಭೆಯದು ಇನ್ನೊಂದು ದಿನ. ಎರಡನ್ನೂ ಒಂದೇ ದಿನಕ್ಕೆ ತರಬೇಕಾದರೆ ಯಾರದಾದರೂ ಒಬ್ಬರ ಅವಧಿಗೆ ಕತ್ತರಿ ಹಾಕಲೇಬೇಕು. ಮಸೂದೆ ಕತ್ತರಿ ಹಾಕಿರುವುದು ವಿಧಾನಸಭೆಗೆ. ಅಂದರೆ ನಾವು ಆರಿಸಿ ಕಳಿಸುವ ಶಾಸಕರ ಐದು ವರ್ಷಕ್ಕೆ. ಖರ್ಚು, ಉಳಿತಾಯ, ಯಾವ ಪಕ್ಷಕ್ಕೆ ಲಾಭ ಎಂಬ ಚರ್ಚೆ ಬೇಕಾದಷ್ಟು ಆಗಿದೆ. ಈ ಕತ್ತರಿಯ ಮಾತು ಮಾತ್ರ ಕಡಿಮೆ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಈಗಿನ ನಿಯಮ ಏನು?

ವಿಧಾನಸಭೆಯ ಅವಧಿ ಎಷ್ಟು ಎಂದು ಹೇಳುವುದು ಸಂವಿಧಾನದ 172ನೇ ವಿಧಿ. ಮೊದಲೇ ವಿಸರ್ಜನೆ ಆಗದಿದ್ದರೆ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ. ಈ ಐದು ವರ್ಷ ಫಲಿತಾಂಶದ ದಿನದಿಂದ ಶುರುವಾಗುವುದಿಲ್ಲ, ಶಾಸಕರು ಪ್ರಮಾಣವಚನ ತೆಗೆದುಕೊಂಡ ದಿನದಿಂದಲೂ ಅಲ್ಲ. ಹೊಸ ಸಭೆ ಮೊದಲ ಸಲ ಸೇರಲು ಗೊತ್ತು ಮಾಡಿದ ದಿನದಿಂದ ಶುರು. ಈಗಿನ ಕರ್ನಾಟಕ ವಿಧಾನಸಭೆ ಮೊದಲು ಸೇರಿದ್ದು 2023ರ ಮೇ ತಿಂಗಳಲ್ಲಿ. ಹಾಗಾಗಿ ಅದರ ಅವಧಿ 2028ರ ಮೇವರೆಗೆ.

ಈ ಐದು ಎಂಬ ಸಂಖ್ಯೆಯನ್ನು ಹಿಂದೆಯೂ ಮುಟ್ಟಿದ್ದಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯಲ್ಲಿ, ಲೋಕಸಭೆ ಮತ್ತು ವಿಧಾನಸಭೆಗಳ ಅವಧಿಯನ್ನು ಆರು ವರ್ಷಕ್ಕೆ ಏರಿಸಿದರು. 1978ರಲ್ಲಿ 44ನೇ ತಿದ್ದುಪಡಿ ಬಂದು ಮತ್ತೆ ಐದಕ್ಕೆ ಇಳಿಸಿತು. ಅಂದರೆ ಅವಧಿ ಬದಲಿಸುವುದೇ ಹೊಸ ಸಂಗತಿ ಅಂತೇನಿಲ್ಲ. ರಾಜ್ಯದ ಸಭೆಯ ಕೊನೆಯ ದಿನವನ್ನು ದೆಹಲಿಯ ಸಭೆಯ ಕೊನೆಯ ದಿನಕ್ಕೆ ಕಟ್ಟುವುದು ಹೊಸದು.

ಮುಂದೆ ಹೋಗುವ ಮೊದಲು ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಸರ್ಕಾರ ಬೀಳುವುದು ಬೇರೆ, ಸಭೆ ವಿಸರ್ಜನೆ ಆಗುವುದು ಬೇರೆ. 2018ರಲ್ಲಿ ಆರಿಸಿ ಬಂದ ನಮ್ಮ ವಿಧಾನಸಭೆಯನ್ನೇ ನೋಡಿ. ಮೊದಲು ಯಡಿಯೂರಪ್ಪ ಕೆಲವೇ ದಿನ ಮುಖ್ಯಮಂತ್ರಿ, ಆಮೇಲೆ ಕುಮಾರಸ್ವಾಮಿ, 2019ರ ಜುಲೈನಲ್ಲಿ ಆ ಸರ್ಕಾರವೂ ಬಿದ್ದು ಮತ್ತೆ ಯಡಿಯೂರಪ್ಪ, 2021ರಲ್ಲಿ ಬಸವರಾಜ ಬೊಮ್ಮಾಯಿ. 17 ಶಾಸಕರು ಅನರ್ಹರಾದರು. ಇಷ್ಟೆಲ್ಲ ಗಲಾಟೆಯ ನಡುವೆಯೂ ಸಭೆ ವಿಸರ್ಜನೆ ಆಗಲಿಲ್ಲ, 2023ರವರೆಗೆ ನಡೆಯಿತು. ತೆರವಾದ ಸೀಟುಗಳಿಗೆ ಮಾತ್ರ ಉಪಚುನಾವಣೆ ಆಯಿತು. ಆ ಉಪಚುನಾವಣೆಯಲ್ಲಿ ಗೆದ್ದವರಿಗೆ ಹೊಸದಾಗಿ ಐದು ವರ್ಷ ಸಿಗಲಿಲ್ಲ, ಉಳಿದದ್ದಷ್ಟೇ ಸಿಕ್ಕಿತು. ಈ 'ಉಳಿದದ್ದಷ್ಟೇ' ಎಂಬ ತತ್ವ ಮುಂದೆ ಮತ್ತೆ ಬರುತ್ತದೆ.

ಎರಡು ಚುನಾವಣೆಗಳು ಬೇರೆಯಾದದ್ದು ಹೇಗೆ?

ಶುರುವಿನಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿದ್ದವು. ಮೊದಲ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಕೊಡಗು ತಾನೇ ಒಂದು ರಾಜ್ಯ, ಅದಕ್ಕೆ 24 ಸದಸ್ಯರ ಸ್ವಂತ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದೊಳಗೆ ವಿಲೀನವಾಯಿತು. ಆಮೇಲೆ 1957, 1962, 1967ರ ಚುನಾವಣೆಗಳು ಕೇಂದ್ರಕ್ಕೂ ರಾಜ್ಯಕ್ಕೂ ಹೆಚ್ಚುಕಡಿಮೆ ಜೊತೆಜೊತೆಯಲ್ಲೇ ನಡೆದವು.

ಜೊತೆ ತಪ್ಪಿದ್ದು 1967ರ ನಂತರ. ಹಲವು ರಾಜ್ಯಗಳಲ್ಲಿ ಸರ್ಕಾರಗಳು ಉರುಳಿ ವಿಧಾನಸಭೆಗಳು ಬೇಗ ವಿಸರ್ಜನೆಯಾದವು. 1970ರ ಕೊನೆಯಲ್ಲಿ ಲೋಕಸಭೆಯೂ ಅವಧಿಗೆ ಮೊದಲೇ ವಿಸರ್ಜನೆಯಾಗಿ 1971ರಲ್ಲಿ ಚುನಾವಣೆ ನಡೆಯಿತು. ನಮ್ಮಲ್ಲಿ ವಿಧಾನಸಭೆಗೆ ಚುನಾವಣೆ ನಡೆದದ್ದು 1972ರಲ್ಲಿ. ಅಲ್ಲಿಂದ ದಾರಿ ಬೇರೆ.

ಆದರೂ ಕರ್ನಾಟಕದಲ್ಲಿ ಮೂರು ಸಲ ಎರಡೂ ಮತ್ತೆ ಕೂಡಿವೆ: 1989, 1999, 2004. ಇದಕ್ಕೆ ಯಾವ ತಿದ್ದುಪಡಿಯೂ ಬೇಕಾಗಲಿಲ್ಲ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಿದ್ದರಿಂದ ವಿಧಾನಸಭೆ ಬೇಗ ಹೋಯಿತು. 1999ರಲ್ಲಿ ಜೆ.ಎಚ್. ಪಟೇಲ್, 2004ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರಗಳು ತಾವೇ ಅವಧಿಗೆ ಮೊದಲು ಚುನಾವಣೆಗೆ ಹೋದವು. ಮೂರೂ ಸಲ ವಿಧಾನಸಭೆ ತನ್ನ ಅವಧಿಯ ಒಂದು ಭಾಗ ಕಳೆದುಕೊಂಡಿತು. ಕೊನೆಯ ಎರಡು ಸಲ ಅದು ರಾಜ್ಯದ ಸ್ವಂತ ತೀರ್ಮಾನ ಎಂಬುದನ್ನು ಮರೆಯಬಾರದು.

ಮಸೂದೆಯಲ್ಲಿ ಇರುವುದು ಏನು?

ಮಾಜಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಅಧ್ಯಕ್ಷತೆಯಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಒಂದು ಉನ್ನತ ಸಮಿತಿ ಆಯಿತು. ಅದು 2024ರ ಮಾರ್ಚ್ 14ರಂದು 18,626 ಪುಟಗಳ ವರದಿ ಕೊಟ್ಟಿತು. ಮಸೂದೆ ಹುಟ್ಟಿದ್ದು ಆ ವರದಿಯಿಂದ. ವರದಿಯ ಗಾತ್ರ ನೋಡಿ ಹೆದರಬೇಕಾಗಿಲ್ಲ. ಮಸೂದೆ ಸಣ್ಣದು. ಅದು ಮುಖ್ಯವಾಗಿ 82ಎ ಎಂಬ ಹೊಸ ವಿಧಿಯನ್ನು ಸೇರಿಸುತ್ತದೆ. ಜೊತೆಗೆ ಲೋಕಸಭೆಯ ಅವಧಿ ಹೇಳುವ 83, ವಿಧಾನಸಭೆಯ ಅವಧಿ ಹೇಳುವ 172, ಚುನಾವಣಾ ಕಾನೂನು ಮಾಡುವ ಅಧಿಕಾರದ 327, ಈ ಮೂರು ವಿಧಿಗಳನ್ನು ತಿದ್ದುತ್ತದೆ.

82ಎ ಹೇಳುವುದು ಇಷ್ಟು. ಲೋಕಸಭೆಗೆ ಸಾರ್ವತ್ರಿಕ ಚುನಾವಣೆ ನಡೆದು ಹೊಸ ಸಭೆ ಮೊದಲ ಸಲ ಸೇರುವ ದಿನ ರಾಷ್ಟ್ರಪತಿ ಒಂದು ಅಧಿಸೂಚನೆ ಹೊರಡಿಸಬಹುದು. ಆ ದಿನಕ್ಕೆ 'ನಿಗದಿತ ದಿನ' ಎಂದು ಹೆಸರಿಡೋಣ. ಆ ದಿನದ ನಂತರ ನಡೆಯುವ ಸಾರ್ವತ್ರಿಕ ಚುನಾವಣೆಯಲ್ಲಿ ರಚನೆಯಾಗುವ ಎಲ್ಲ ವಿಧಾನಸಭೆಗಳೂ, ತಮ್ಮ ಐದು ವರ್ಷ ತುಂಬಿರಲಿ ಬಿಡಲಿ, ಆ ಲೋಕಸಭೆಯ ಪೂರ್ಣಾವಧಿ ಮುಗಿದಾಗ ಮುಗಿಯುತ್ತವೆ. ಆಮೇಲೆ ಎಲ್ಲಕ್ಕೂ ಒಟ್ಟಿಗೆ ಚುನಾವಣೆ.

ಇಲ್ಲಿ 'ಹೊರಡಿಸಬಹುದು' ಎಂಬುದನ್ನು ಗಮನಿಸಿ. ಮಸೂದೆ ಪಾಸಾದ ಮಾತ್ರಕ್ಕೆ ಮರುದಿನವೇ ಏನೂ ಬದಲಾಗುವುದಿಲ್ಲ. ಹೊಸ ಲೋಕಸಭೆಯ ಮೊದಲ ದಿನ ಬರಬೇಕು, ಅಂದು ಅಧಿಸೂಚನೆಯೂ ಹೊರಡಬೇಕು. ಈಗಿನ ಲೋಕಸಭೆ ಮೊದಲು ಸೇರಿದ್ದು 2024ರ ಜೂನ್ 24ಕ್ಕೆ. ಆ ದಿನ ದಾಟಿ ಹೋಯಿತು. ಆದ್ದರಿಂದ ಮುಂದಿನ ಲೋಕಸಭಾ ಚುನಾವಣೆಯ ತನಕ ಕಾಯಲೇಬೇಕು.

172ಕ್ಕೆ ಮಾಡುವ ತಿದ್ದುಪಡಿ ಇನ್ನೊಂದು ಬಗೆಯದು. ವಿಧಾನಸಭೆ ಅವಧಿಯ ನಡುವೆ ವಿಸರ್ಜನೆಯಾದರೆ ಚುನಾವಣೆ ನಡೆಯುತ್ತದೆ, ಆದರೆ ಹೊಸ ಸಭೆಗೆ ಐದು ವರ್ಷ ಸಿಗುವುದಿಲ್ಲ, ಹಳೆಯ ಸಭೆ ಬಿಟ್ಟು ಹೋದಷ್ಟು ಮಾತ್ರ. ಐದು ವರ್ಷದ ಗುತ್ತಿಗೆಗೆ ಕಾಫಿ ತೋಟ ಹಿಡಿದವನು ಮೂರನೇ ವರ್ಷಕ್ಕೆ ಬಿಟ್ಟು ಹೋದ ಅಂದುಕೊಳ್ಳಿ. ತೋಟದ ಯಜಮಾನ ಆ ಜಾಗಕ್ಕೆ ಬೇರೊಬ್ಬನನ್ನು ತರುತ್ತಾನೆ, ಆದರೆ ಕರಾರು ಹಳೆಯದೇ, ಉಳಿದ ಎರಡು ವರ್ಷಕ್ಕೆ. ಹೊಸಬ ಎಷ್ಟೇ ಚೆನ್ನಾಗಿ ಕಪಾತು ಮಾಡಿಸಿದರೂ ಕರಾರಿನ ಕೊನೆಯ ದಿನ ಮುಂದೆ ಹೋಗುವುದಿಲ್ಲ. ಮಸೂದೆ ಇಂಥ ಚುನಾವಣೆಯನ್ನು ಮಧ್ಯಂತರ ಚುನಾವಣೆ ಎಂದೂ, ಪೂರ್ಣಾವಧಿ ಮುಗಿದ ಮೇಲೆ ನಡೆಯುವುದನ್ನು ಸಾರ್ವತ್ರಿಕ ಚುನಾವಣೆ ಎಂದೂ ಬೇರ್ಪಡಿಸುತ್ತದೆ.

ತುಂಬಾ ಜನರಿಗೆ ಒಂದು ಭಯ ಇದೆ: ದೆಹಲಿಯಲ್ಲಿ ಸರ್ಕಾರ ಬಿದ್ದರೆ ನಮ್ಮ ವಿಧಾನಸಭೆಯೂ ಬೀಳುತ್ತದಾ? ಇಲ್ಲ. ವಿಧಾನಸಭೆಯನ್ನು ಕಟ್ಟಿರುವುದು ಲೋಕಸಭೆಯ 'ಪೂರ್ಣಾವಧಿ'ಗೆ. ಲೋಕಸಭೆ ನಡುವೆ ವಿಸರ್ಜನೆಯಾದರೆ ಹೊಸ ಲೋಕಸಭೆಯೂ ಉಳಿದ ಅವಧಿಗೇ ಬರುತ್ತದೆ. ರಾಜ್ಯಗಳ ಕೊನೆಯ ದಿನ ಇದ್ದಲ್ಲೇ ಇರುತ್ತದೆ.

ಇನ್ನೊಂದು ಉಪವಿಧಿಯಲ್ಲಿ ಚುನಾವಣಾ ಆಯೋಗಕ್ಕೆ ಒಂದು ಅವಕಾಶ ಇದೆ. ಯಾವುದಾದರೂ ರಾಜ್ಯದಲ್ಲಿ ಲೋಕಸಭೆಯ ಜೊತೆಗೆ ಚುನಾವಣೆ ನಡೆಸಲು ಆಗದು ಎಂದು ಆಯೋಗಕ್ಕೆ ಅನಿಸಿದರೆ ಮುಂದೂಡಲು ರಾಷ್ಟ್ರಪತಿಗೆ ಶಿಫಾರಸು ಮಾಡಬಹುದು. ಆದರೆ ತಡವಾಗಿ ಬಂದ ಆ ಸಭೆಯೂ ಉಳಿದವುಗಳ ಜೊತೆಗೇ ಮುಗಿಯುತ್ತದೆ. ಮುಂದೂಡಿದಷ್ಟೂ ಶಾಸಕರ ಅವಧಿ ಕಡಿಮೆ.

ಕರ್ನಾಟಕಕ್ಕೆ ಬಂದರೆ ಲೆಕ್ಕ ಹೇಗಾಗುತ್ತದೆ?

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಈ ಭಾಗ. ಒಂದು ಕಾಗದ, ಪೆನ್ನು ತೆಗೆದುಕೊಂಡು ನೀವೇ ಮಾಡಿ ನೋಡಬಹುದು.

ಈಗಿನ ಲೋಕಸಭೆ ಪೂರ್ತಿ ಐದು ವರ್ಷ ನಡೆಯಿತು, ಮಸೂದೆ ಈಗಿರುವ ರೂಪದಲ್ಲೇ ಪಾಸಾಯಿತು, 2029ರ ಚುನಾವಣೆಯ ನಂತರ ಹೊಸ ಲೋಕಸಭೆ ಸೇರಿದ ದಿನವೇ ಅಧಿಸೂಚನೆ ಹೊರಟಿತು ಎಂದಿಟ್ಟುಕೊಳ್ಳಿ. ಆಗ ನಿಗದಿತ ದಿನ 2029ರ ಜೂನ್ ಆಸುಪಾಸು. ಆ ಲೋಕಸಭೆಯ ಪೂರ್ಣಾವಧಿ ಮುಗಿಯುವುದು 2034ರ ಜೂನ್ ಆಸುಪಾಸು.

ಕರ್ನಾಟಕದಲ್ಲಿ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಅದು ನಿಗದಿತ ದಿನಕ್ಕಿಂತ ಮೊದಲು ಆಗಿಹೋಗುತ್ತದೆ. ಹಾಗಾಗಿ 82ಎ ಅದಕ್ಕೆ ತಾಗುವುದಿಲ್ಲ. 2028ರಲ್ಲಿ ಗೆದ್ದವರಿಗೆ ಪೂರ್ತಿ ಐದು ವರ್ಷ, 2033ರ ಮೇವರೆಗೆ.

2033ರಲ್ಲಿ ಮತ್ತೆ ಚುನಾವಣೆ. ಇದು ನಿಗದಿತ ದಿನದ ನಂತರದ್ದು. ಆ ಸಭೆ 2034ರಲ್ಲಿ ಲೋಕಸಭೆಯ ಜೊತೆಗೆ ಮುಗಿಯಬೇಕು. ಅಂದರೆ 2033ರ ಮೇನಲ್ಲಿ ಗೆದ್ದ ಶಾಸಕರಿಗೆ ಸಿಗುವುದು ಹೆಚ್ಚುಕಡಿಮೆ ಒಂದು ವರ್ಷ. ಒಂದು ಮಳೆಗಾಲ, ಒಂದು ಕಾಫಿ ಕೊಯ್ಲು, ಒಂದು ಬಜೆಟ್, ಅಷ್ಟೇ. ಅಷ್ಟರಲ್ಲಿ ಮತ್ತೆ ಮತ ಕೇಳಲು ಬರಬೇಕು.

ಈ ಒಂದು ವರ್ಷದ ಸಭೆ ಒಂದೇ ಸಲದ ತ್ಯಾಗ. 2034ರಿಂದ ಎಲ್ಲವೂ ಒಂದೇ ಸಾಲಿಗೆ ಬಂದರೆ ಮುಂದೆ ಐದೈದು ವರ್ಷ ಸಿಗುತ್ತದೆ, ನಡುವೆ ವಿಸರ್ಜನೆ ಆಗದಿದ್ದರೆ. ಎಲ್ಲ ರಾಜ್ಯಗಳಿಗೂ ಒಂದೇ ಪ್ರಮಾಣದ ಕಡಿತ ಇಲ್ಲ. ಆಂಧ್ರಪ್ರದೇಶ, ಒಡಿಶಾದಂಥ ರಾಜ್ಯಗಳು ಈಗಲೇ ಲೋಕಸಭೆಯ ಜೊತೆ ಮತ ಹಾಕುತ್ತವೆ, ಅವುಗಳಿಗೆ ನಷ್ಟವೇ ಇಲ್ಲ. ಲೋಕಸಭೆಗಿಂತ ಒಂದು ವರ್ಷ ಮೊದಲು ಚುನಾವಣೆ ಬರುವ ಕರ್ನಾಟಕದಂಥ ರಾಜ್ಯಕ್ಕೆ ಜಾಸ್ತಿ ನಷ್ಟ.

ಇದನ್ನು ತಪ್ಪಿಸಲು ದಾರಿ ಇಲ್ವಾ? ಇದೆ. 1999 ಮತ್ತು 2004ರಲ್ಲಿ ಆದಂತೆ 2028ರ ಸಭೆಯನ್ನೇ ರಾಜ್ಯ ಸರ್ಕಾರ ಬೇಗ ವಿಸರ್ಜಿಸಿ 2029ರಲ್ಲೇ ಲೋಕಸಭೆಯ ಜೊತೆ ಹೋಗಬಹುದು. ಆದರೆ ಆಗಷ್ಟೇ ಗೆದ್ದ ಸರ್ಕಾರ ಒಂದೇ ವರ್ಷಕ್ಕೆ ಮತ್ತೆ ಕಣಕ್ಕಿಳಿಯಬೇಕು. ಅದಕ್ಕೆ ಮನಸ್ಸು ಮಾಡುವ ಮುಖ್ಯಮಂತ್ರಿ ಸಿಗುವುದು ಕಷ್ಟ.

ಮಧ್ಯಂತರ ಚುನಾವಣೆಯ ನಿಯಮವನ್ನು ಹಳೆಯ ಘಟನೆಗೆ ಹಾಕಿ ನೋಡಿದರೆ

ಮುಂದಿನದನ್ನು ಊಹಿಸುವುದಕ್ಕಿಂತ ಆಗಿಹೋದದ್ದರ ಮೇಲೆ ಪರೀಕ್ಷೆ ಮಾಡುವುದು ಸುಲಭ. 2004ರಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ ಆಗಿತ್ತು. ವಿಧಾನಸಭೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಮೈತ್ರಿಗಳು ಕೂಡಿದವು, ಮುರಿದವು. 2007ರ ಕೊನೆಗೆ ಸಭೆ ವಿಸರ್ಜನೆ ಹಂತಕ್ಕೆ ಬಂದು, 2008ರ ಮೇನಲ್ಲಿ ಚುನಾವಣೆ ಆಯಿತು. ಆ ಸಭೆ 2013ರವರೆಗೆ ನಡೆಯಿತು.

ಆಗ 129ನೇ ತಿದ್ದುಪಡಿ ಜಾರಿಯಲ್ಲಿದ್ದಿದ್ದರೆ? 2008ರ ಸಭೆಗೆ ಸಿಗುತ್ತಿದ್ದದ್ದು 2009ರವರೆಗಿನ ಒಂದು ವರ್ಷ ಮಾತ್ರ. ಕೊಡಗಿನವರಿಗೆ 2008 ಇನ್ನೊಂದು ಕಾರಣಕ್ಕೂ ನೆನಪಿರುವ ಚುನಾವಣೆ. ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಇಲ್ಲವಾಗಿ, ಜಿಲ್ಲೆಗೆ ಮೂರರ ಬದಲು ಎರಡೇ ಶಾಸಕರು ಉಳಿದದ್ದು ಆಗಲೇ. ಆ ಇಬ್ಬರಿಗೂ ಒಂದೇ ವರ್ಷ ಎಂದಿದ್ದರೆ, ಹೊಸ ಕ್ಷೇತ್ರದ ಊರುಗಳನ್ನೆಲ್ಲ ಒಂದು ಸುತ್ತು ಹಾಕುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು.

ಮಸೂದೆಯ ಪರ ಇರುವವರು ಇದಕ್ಕೆ ಕೊಡುವ ಉತ್ತರ ಹೀಗೆ: ಉಳಿದ ಅವಧಿ ಮಾತ್ರ ಸಿಗುತ್ತದೆ ಎಂದು ಗೊತ್ತಿದ್ದರೆ ಸುಮ್ನೆ ಸರ್ಕಾರ ಬೀಳಿಸಲು ಯಾರೂ ಮುಂದಾಗುವುದಿಲ್ಲ, ಇದ್ದ ಸಭೆಯಲ್ಲೇ ಬೇರೆ ಸರ್ಕಾರ ಕಟ್ಟಲು ನೋಡುತ್ತಾರೆ. ವಿರೋಧಿಸುವವರು ಅದನ್ನೇ ತಿರುಗಿಸಿ ಹೇಳುತ್ತಾರೆ: ಇದ್ದ ಸಭೆಯಲ್ಲೇ ಸರ್ಕಾರ ಕಟ್ಟುವುದು ಎಂದರೆ ನಮ್ಮಲ್ಲಿ ರೆಸಾರ್ಟ್ ಬಾಗಿಲು ತೆರೆಯುವುದು. ಯಾವುದು ನಿಜವಾಗುತ್ತದೆ ಎಂದು ಮಸೂದೆ ಓದಿ ಹೇಳಲು ಬರುವುದಿಲ್ಲ.

'ಉಳಿದದ್ದಷ್ಟೇ' ಎಂಬ ನಿಯಮ ಸಂವಿಧಾನಕ್ಕೆ ಹೊಸದೇನೂ ಅಲ್ಲ. ಗ್ರಾಮ ಪಂಚಾಯಿತಿ ನಡುವೆ ವಿಸರ್ಜನೆ ಆದರೆ ಹೊಸ ಪಂಚಾಯಿತಿಗೆ ಉಳಿದ ಅವಧಿ ಮಾತ್ರ ಎಂದು 243ಇ ವಿಧಿ 1993ರಿಂದಲೇ ಹೇಳುತ್ತಿದೆ. ಉಳಿದದ್ದು ಆರು ತಿಂಗಳಿಗಿಂತ ಕಡಿಮೆ ಇದ್ದರೆ ಆ ಅವಧಿಗೆ ಚುನಾವಣೆ ನಡೆಸಬೇಕಾಗಿಲ್ಲ ಎಂದೂ ಅಲ್ಲಿದೆ. ವಿಧಾನಸಭೆಯ ಉಪಚುನಾವಣೆಗೂ ಇಂಥ ಗೆರೆ ಇದೆ: ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಉಪಚುನಾವಣೆ ಕಡ್ಡಾಯ ಅಲ್ಲ. ಇಡೀ ಸಭೆಯ ಮಧ್ಯಂತರ ಚುನಾವಣೆಗೆ ಇಂಥ ಕನಿಷ್ಠ ಗೆರೆ ಮಸೂದೆಯಲ್ಲಿ ಕಾಣುವುದಿಲ್ಲ. ನನಗೆ ಕಂಡಂತೆ ಇಡೀ ಮಸೂದೆಯಲ್ಲಿ ಸಡಿಲವಾಗಿರುವ ಜಾಗ ಇದು.

ಹಾಗಾದರೆ ಒಬ್ಬರು ಎಷ್ಟು ಸಲ ಶಾಸಕರಾಗಬಹುದು ಎಂಬುದಕ್ಕೂ ಮಿತಿ ಬರುತ್ತದಾ?

ಈ ಎರಡು ಪ್ರಶ್ನೆ ಮಾತಿನಲ್ಲಿ ಬೆರೆತುಹೋಗಿವೆ. 129ನೇ ತಿದ್ದುಪಡಿ ಒಂದು ಸಭೆ ಎಷ್ಟು ದಿನ ಇರಬೇಕು ಎನ್ನುತ್ತದೆ. ಒಬ್ಬ ವ್ಯಕ್ತಿ ಎಷ್ಟು ಸಲ ಸ್ಪರ್ಧಿಸಬಹುದು ಎಂಬುದರ ಬಗ್ಗೆ ಒಂದು ಮಾತೂ ಇಲ್ಲ.

ಭಾರತದಲ್ಲಿ ಶಾಸಕರಿಗೆ, ಸಂಸದರಿಗೆ, ಮುಖ್ಯಮಂತ್ರಿಗೆ, ಪ್ರಧಾನಿಗೆ ಅಂಥ ಮಿತಿ ಇಲ್ಲ. ರಾಷ್ಟ್ರಪತಿ ಮತ್ತೆ ಆಯ್ಕೆಯಾಗಬಹುದು ಎಂದು 57ನೇ ವಿಧಿ ಬಾಯಿಬಿಟ್ಟೇ ಹೇಳುತ್ತದೆ. ಮಲ್ಲಿಕಾರ್ಜುನ ಖರ್ಗೆ 1972ರಿಂದ 2008ರವರೆಗೆ ಸತತ ಒಂಬತ್ತು ವಿಧಾನಸಭಾ ಚುನಾವಣೆ ಗೆದ್ದರು. ತಮಿಳುನಾಡಿನಲ್ಲಿ ಕರುಣಾನಿಧಿ 13 ಸಲ. ತಮಾಷೆ ಎಂದರೆ ಆಟದ ಸಂಘಗಳಿಗೆ ಇಂಥ ಮಿತಿ ಹಾಕಿದ್ದಾರೆ. 2011ರ ರಾಷ್ಟ್ರೀಯ ಕ್ರೀಡಾ ಸಂಹಿತೆ ಹಾಕಿ ಆಟವೂ ಸೇರಿ ರಾಷ್ಟ್ರೀಯ ಫೆಡರೇಷನ್‌ಗಳ ಅಧ್ಯಕ್ಷರಿಗೆ 12 ವರ್ಷದ ಗಡಿ ಹಾಕಿತ್ತು. ಕಂಪನಿಗಳ ಸ್ವತಂತ್ರ ನಿರ್ದೇಶಕರೂ ಸತತ ಎರಡು ಅವಧಿಗಿಂತ ಹೆಚ್ಚು ಕೂರುವಂತಿಲ್ಲ.

ಅಮೆರಿಕದ 16 ರಾಜ್ಯಗಳಲ್ಲಿ ಶಾಸಕರಿಗೆ ಇಂಥ ಮಿತಿ ಇದೆ. ಅಲ್ಲಿ ಅದನ್ನು ತಂದದ್ದು ಬಹುತೇಕ ಜನರೇ, ನೇರ ಮತದಾನದ ಮೂಲಕ ರಾಜ್ಯದ ಸಂವಿಧಾನ ತಿದ್ದಿ. ಕ್ಯಾಲಿಫೋರ್ನಿಯಾ 1990ರಲ್ಲಿ ಕೆಳಮನೆಗೆ ಆರು ವರ್ಷ, ಮೇಲ್ಮನೆಗೆ ಎಂಟು ವರ್ಷ ಎಂದು ಬಿಗಿ ಮಾಡಿತು. ಕೆಲಸ ಕಲಿಯುವಷ್ಟರಲ್ಲಿ ಮನೆಗೆ ಹೋಗಬೇಕಾಗುತ್ತದೆ, ಅನುಭವ ಎಲ್ಲ ಅಧಿಕಾರಿಗಳ ಮತ್ತು ಲಾಬಿ ಮಾಡುವವರ ಕೈಯಲ್ಲಿ ಉಳಿಯುತ್ತದೆ ಎಂಬ ದೂರು ಬಂತು. 2012ರಲ್ಲಿ ಯಾವ ಮನೆಯಲ್ಲಾದರೂ ಸರಿ, ಒಟ್ಟು 12 ವರ್ಷ ಎಂದು ಸಡಿಲಿಸಿದರು. ಫಿಲಿಪ್ಪೀನ್ಸ್ 1987ರ ಸಂವಿಧಾನದಲ್ಲಿ ಕೆಳಮನೆಯ ಸದಸ್ಯರಿಗೆ ಸತತ ಮೂರು ಅವಧಿಯ ಗಡಿ ಹಾಕಿತು. ಅಲ್ಲಿ ಅವಧಿ ಮುಗಿದವರ ಹೆಂಡತಿ, ಮಕ್ಕಳು, ತಮ್ಮಂದಿರು ಅದೇ ಸೀಟಿಗೆ ನಿಲ್ಲುವುದು ಮಾಮೂಲಾಯಿತು. ಹೊಸಬರಿಗೆ ದಾರಿ ಮಾಡಲು ತಂದ ನಿಯಮ ಒಂದೇ ಮನೆಯ ಹೊಸಬರಿಗೆ ದಾರಿ ಮಾಡಿಕೊಟ್ಟಿತು.

ನಮ್ಮಲ್ಲಿ ಇದನ್ನು ತರಬೇಕಾದರೆ ಕರ್ನಾಟಕ ವಿಧಾನಸಭೆಯಿಂದ ಆಗುವುದಿಲ್ಲ. ಶಾಸಕರ ಅರ್ಹತೆ 173ನೇ ವಿಧಿಯಲ್ಲಿ, ಅನರ್ಹತೆ 191ರಲ್ಲಿ ಇದೆ. ಇವೆರಡಕ್ಕೂ ಹೊಸದನ್ನು ಸೇರಿಸುವ ಅಧಿಕಾರ ಸಂಸತ್ತಿನದು. ಕೋರ್ಟೂ ಸೇರಿಸಲಾರದು. ಕ್ರಿಮಿನಲ್ ಆರೋಪ ಹೊತ್ತವರು ಸ್ಪರ್ಧಿಸದಂತೆ ತಡೆಯಿರಿ ಎಂದು ಕೇಳಿದಾಗ, ಅನರ್ಹತೆಯನ್ನು ಹೆಚ್ಚಿಸುವುದು ಸಂಸತ್ತಿನ ಕೆಲಸ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರಲ್ಲಿ ಹೇಳಿತು. ಪಂಚಾಯಿತಿ ಸದಸ್ಯರ ವಿಷಯದಲ್ಲಿ ಮಾತ್ರ 243ಎಫ್ ವಿಧಿ ರಾಜ್ಯಕ್ಕೂ ಅಧಿಕಾರ ಕೊಟ್ಟಿದೆ. ಅಲ್ಲಿ ಮೀಸಲಾತಿಯ ರೊಟೇಶನ್ ಈಗಾಗಲೇ ಅರ್ಧ ಆ ಕೆಲಸ ಮಾಡುತ್ತಿದೆ. ಸೀಟಿನ ಮೀಸಲಾತಿ ಬದಲಾದರೆ ಹಳೆಯ ಸದಸ್ಯರು ಬೇರೆ ಕಡೆ ನೋಡಿಕೊಳ್ಳಬೇಕಾಗುತ್ತದೆ.

ಕೊಡಗಿನಲ್ಲಿ 2008, 2013, 2018ರಲ್ಲಿ ಮಡಿಕೇರಿಯಿಂದ ಅಪ್ಪಚ್ಚು ರಂಜನ್, ವಿರಾಜಪೇಟೆಯಿಂದ ಕೆ.ಜಿ. ಬೋಪಯ್ಯ ಸತತವಾಗಿ ಗೆದ್ದರು. 2023ರಲ್ಲಿ ಮಡಿಕೇರಿಯಲ್ಲಿ ಮಂತರ್ ಗೌಡ, ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ ಬಂದರು. ಮಿತಿ ಬೇಡ ಎನ್ನುವವರು ತೋರಿಸುವುದು ಇಂಥ ಫಲಿತಾಂಶವನ್ನೇ: ಸಾಕು ಅನಿಸಿದರೆ ಮತದಾರರೇ ಬದಲಿಸುತ್ತಾರೆ. ಬೇಕು ಎನ್ನುವವರ ಮಾತು ಬೇರೆ: ಹಣ, ಹೆಸರು, ಅಧಿಕಾರ ಇರುವವರ ಎದುರು ಹೊಸಬರಿಗೆ ಟಿಕೆಟ್ ಸಿಗುವುದೇ ಕಷ್ಟ, ಮತದಾರರ ತನಕ ಪ್ರಶ್ನೆ ಬರುವುದೇ ಇಲ್ಲ.

ಒಂದೇ ದಿನ ಎರಡು ಮತ ಹಾಕಿದರೆ ಒಂದೇ ಪಕ್ಷಕ್ಕೆ ಹೋಗುತ್ತದಾ?

129ನೇ ತಿದ್ದುಪಡಿಯನ್ನು ವಿರೋಧಿಸುವವರ ದೊಡ್ಡ ಆತಂಕ ಇದು. ದೆಹಲಿಯ ವಿಷಯಗಳ ಗದ್ದಲದಲ್ಲಿ ರಸ್ತೆ, ಆನೆ ಹಾವಳಿ, ಭೂಕುಸಿತದ ಪರಿಹಾರದಂಥ ಮಾತು ಮುಳುಗಿಹೋಗುತ್ತದೆ ಎನ್ನುತ್ತಾರೆ. ಮೈಸೂರು-ಕೊಡಗು ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕೊಡಗಿನವು ಎರಡೇ. ಲೋಕಸಭೆ ಪ್ರಚಾರದ ಭಾರ ಮೈಸೂರಿನ ಕಡೆಗೇ ಇರುತ್ತದೆ. ಅದರ ಜೊತೆಗೇ ವಿಧಾನಸಭೆಯೂ ಬಂದರೆ ಏನಾಗುತ್ತದೆ ಎಂಬ ಪ್ರಶ್ನೆ ಇಲ್ಲಿನವರಿಗೆ ಜಾಸ್ತಿ ತಟ್ಟುತ್ತದೆ.

ಕರ್ನಾಟಕದ ಮತದಾರರ ದಾಖಲೆ ಮಾತ್ರ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸೀಟುಗಳಲ್ಲಿ ಕಾಂಗ್ರೆಸ್ 24 ಗೆದ್ದಿತು. ಆ ಸೋಲಿನ ನಂತರ ರಾಮಕೃಷ್ಣ ಹೆಗಡೆ ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 224ರಲ್ಲಿ 139 ಸೀಟು ಕೊಟ್ಟರು. ಮೂರು ತಿಂಗಳ ಅಂತರದಲ್ಲಿ ಎರಡು ತೀರ್ಪು. ಬೇರೆ ಬೇರೆ ದಿನ ಇದ್ದದ್ದರಿಂದಲೇ ಇದು ಸಾಧ್ಯವಾಯಿತು ಎಂದು ವಿರೋಧಿಗಳು ಹೇಳಬಹುದು.

ಆದರೆ 2004 ನೋಡಿ. ಎರಡೂ ಒಟ್ಟಿಗೆ ನಡೆದ ಚುನಾವಣೆ. ಲೋಕಸಭೆಗೆ ಬಿಜೆಪಿ 28ರಲ್ಲಿ 18 ಸೀಟು ಬಾಚಿಕೊಂಡಿತು. ವಿಧಾನಸಭೆಯಲ್ಲಿ ಅದಕ್ಕೆ ಸಿಕ್ಕಿದ್ದು 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಒಂದೇ ಮತಗಟ್ಟೆಯಲ್ಲಿ ಎರಡು ಗುಂಡಿ ಒತ್ತಿದ ಜನ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಿದ್ದರು.

ಪಾಸಾಗಬೇಕಾದರೆ ಏನು ಬೇಕು?

ಸಂವಿಧಾನ ತಿದ್ದುವ ವಿಧಾನ 368ನೇ ವಿಧಿಯಲ್ಲಿದೆ. ಎರಡೂ ಸದನಗಳಲ್ಲಿ ಎರಡು ಪರೀಕ್ಷೆ ಪಾಸಾಗಬೇಕು. ಒಂದು, ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪರ ಇರಬೇಕು. ಎರಡು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಪರ ಇರಬೇಕು. 543 ಸದಸ್ಯರೂ ಬಂದು ಮತ ಹಾಕಿದರೆ ಲೋಕಸಭೆಯಲ್ಲಿ 362 ಬೇಕು. ಮಸೂದೆ ಮಂಡಿಸುವ ದಿನ ನಡೆದ ಮತದಾನದಲ್ಲಿ ಪರವಾಗಿ 269, ವಿರುದ್ಧವಾಗಿ 198 ಬಿದ್ದವು. ಮಂಡಿಸಲು ಸಾಮಾನ್ಯ ಬಹುಮತ ಸಾಕು, ಹಾಗಾಗಿ ಅದು ದಾಟಿತು. ಪಾಸಾಗಲು ಅಷ್ಟು ಸಾಲದು.

ಕೆಲವು ವಿಷಯಗಳಿಗೆ ಇದರ ಜೊತೆಗೆ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳ ಒಪ್ಪಿಗೆಯೂ ಬೇಕು. ರಾಷ್ಟ್ರಪತಿ ಚುನಾವಣೆ, ಹೈಕೋರ್ಟ್, ಕೇಂದ್ರ-ರಾಜ್ಯಗಳ ಅಧಿಕಾರ ಪಟ್ಟಿ ಇಂಥವು ಆ ಸಾಲಿನಲ್ಲಿವೆ. 172ನೇ ವಿಧಿ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೇ ಲೋಕಸಭೆ ಮತ್ತು ವಿಧಾನಸಭೆಗಳನ್ನು ಒಟ್ಟುಗೂಡಿಸಲು ರಾಜ್ಯಗಳ ಒಪ್ಪಿಗೆ ಬೇಡ ಎಂದು ಕೋವಿಂದ್ ಸಮಿತಿ ಹೇಳಿತು. ರಾಜ್ಯದ ಸಭೆಯ ಆಯುಸ್ಸನ್ನು ರಾಜ್ಯವನ್ನು ಕೇಳದೆ ಕಡಿಮೆ ಮಾಡಬಹುದಾ ಎಂಬುದು ವಿರೋಧಿಗಳ ಪ್ರಶ್ನೆ. ಕರ್ನಾಟಕ ವಿಧಾನಸಭೆ 2024ರ ಜುಲೈನಲ್ಲೇ ಒಂದು ದೇಶ, ಒಂದು ಚುನಾವಣೆಯನ್ನು ವಿರೋಧಿಸಿ ನಿರ್ಣಯ ಮಾಡಿದೆ. ಅಂಥ ನಿರ್ಣಯಕ್ಕೆ ರಾಜಕೀಯ ತೂಕ ಇದೆ, ಸಂಸತ್ತನ್ನು ತಡೆಯುವ ಶಕ್ತಿ ಇಲ್ಲ.

ಇನ್ನು ಕೋರ್ಟಿನ ಮಾತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ ಎಂದು 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಕ್ಕೂಟ ವ್ಯವಸ್ಥೆ ಮೂಲ ಸ್ವರೂಪದ ಭಾಗ ಎಂದು 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ಹೇಳಿತು. ಹೌದು, 1989ರಲ್ಲಿ ವಜಾ ಆದ ನಮ್ಮದೇ ಮುಖ್ಯಮಂತ್ರಿಯ ಪ್ರಕರಣ. 129ನೇ ತಿದ್ದುಪಡಿ ಪಾಸಾಗಿ ಯಾರಾದರೂ ಪ್ರಶ್ನಿಸಿದರೆ ಈ ಎರಡು ತೀರ್ಪುಗಳ ಸುತ್ತಲೇ ವಾದ ನಡೆಯುತ್ತದೆ.

ಈ ಮಸೂದೆಗೆ ಸಂಬಂಧವಿಲ್ಲದ ಕೆಲವನ್ನೂ ಹೇಳಿಬಿಡುತ್ತೇನೆ. ವಿಧಾನ ಪರಿಷತ್ತಿಗೆ ಇದು ತಾಗುವುದಿಲ್ಲ, ಅದು ವಿಸರ್ಜನೆ ಆಗದ ಸದನ. ಪಂಚಾಯಿತಿ, ಪಟ್ಟಣ ಪಂಚಾಯಿತಿ, ನಗರಸಭೆ ಚುನಾವಣೆಗಳೂ ಇದರಲ್ಲಿ ಇಲ್ಲ. ಅವುಗಳನ್ನು 100 ದಿನದೊಳಗೆ ನಡೆಸಬೇಕು ಎಂದು ಕೋವಿಂದ್ ಸಮಿತಿ ಸೂಚಿಸಿದ್ದು ನಿಜ, ಅದಕ್ಕೆ ರಾಜ್ಯಗಳ ಒಪ್ಪಿಗೆ ಬೇಕಾದ್ದರಿಂದ ಈ ಮಸೂದೆಯಲ್ಲಿ ಸೇರಿಸಿಲ್ಲ. ಹಾಗಾಗಿ ಎಲ್ಲ ಚುನಾವಣೆ ಒಂದೇ ದಿನ, ಕೋವಿ ಒಂದೇ ಸಲ ಠಾಣೆಗೆ ಎಂದುಕೊಂಡರೆ ಅದು ಸದ್ಯಕ್ಕೆ ಇಲ್ಲ. ಮಹಿಳಾ ಮೀಸಲಾತಿ, ಜನಗಣತಿಯ ನಂತರದ ಕ್ಷೇತ್ರ ಮರುವಿಂಗಡಣೆ, ಇವೂ ಬೇರೆ ವಿಷಯಗಳು.

ಸದ್ಯ ಮಸೂದೆಯನ್ನು 39 ಸದಸ್ಯರ ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಲಾಗಿದೆ. ವರದಿ ಕೊಡಲು ಸಮಿತಿಗೆ ಒಂದಕ್ಕಿಂತ ಹೆಚ್ಚು ಸಲ ಕಾಲಾವಕಾಶ ವಿಸ್ತರಿಸಿದ್ದಾರೆ. ಸಮಿತಿ ಮಸೂದೆಯನ್ನು ಇದ್ದ ಹಾಗೇ ಒಪ್ಪಬಹುದು, ತಿದ್ದಲು ಹೇಳಬಹುದು. ವರದಿ ಬಂದ ದಿನ ಕರ್ನಾಟಕದವರು ಮೊದಲು ನೋಡಬೇಕಾದದ್ದು ಎರಡು ಜಾಗ. 82ಎ ವಿಧಿಯಲ್ಲಿ ನಿಗದಿತ ದಿನದ ನಂತರದ ಸಭೆಗಳೆಲ್ಲ ಎಂಬ ಮಾತು ಹಾಗೇ ಉಳಿದಿದೆಯಾ? 172ರಲ್ಲಿ ಮಧ್ಯಂತರ ಚುನಾವಣೆಗೆ ಕನಿಷ್ಠ ಇಷ್ಟು ತಿಂಗಳು ಉಳಿದಿರಬೇಕು ಎಂಬ ಗೆರೆ ಸೇರಿದೆಯಾ? ಮೊದಲನೆಯದು ಬದಲಾದರೆ 2033ರ ಒಂದು ವರ್ಷದ ಲೆಕ್ಕವೂ ಬದಲಾಗುತ್ತದೆ.